ಉಣುಗಿನಂಥ ಬೀಜ, ಬೀಜದಂಥ ಉಣುಗು

ಈ ಕಡೆ ತಲೆ ಹಾಕದೆ ಬಹಳ ದಿನ ಆಯ್ತು. ಕೆಲಸ, ರಿಲೀಸು, ಅದೂ ಇದೂ... ಕಾರಣಗಳಿಗೇನು ಬರ ಇಲ್ಲ ಬಿಡಿ. ಈ ಸಲ ಒಂದು ಹೂವಿನ ಬಗ್ಗೆ ಬರೆಯೋಣ ಅಂತ ಕೂತಿದ್ದೇನೆ. ಸಸ್ಯಶಾಸ್ತ್ರ ನಾನು ಓದಿಲ್ಲ. ಪಿಯುಸಿಯಲ್ಲಿ ಬಯಾಲಜಿ ಬಿಟ್ಟು ಕಂಪ್ಯೂಟರ್ ಸೈನ್ಸ್ ತಗೊಂಡವನು ನಾನು. ಆದ್ದರಿಂದ ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ಶುರುವಾಗಿದ್ದು ಹೀಗೆ. ನಮ್ಮ ಆಫೀಸಿನ ಕ್ಯಾಂಪಸ್ಸಿನಲ್ಲಿ ಊಟ ಆದಮೇಲೆ ಒಂದು ಸುತ್ತು ಹಾಕೋದು ರೂಢಿ. ಅಲ್ಲಿ ಪಾತಿಯಲ್ಲಿ ಹಳದಿ ಹೂವಿನ ಗಿಡಗಳನ್ನು ನೆಟ್ಟು, ಪಕ್ಕದಲ್ಲಿ ಒಂದು ಪುಟ್ಟ ಫಲಕ ಚುಚ್ಚಿದ್ದರು. 'ಕೊರಿಯಾಪ್ಸಿಸ್ - ಟಿಕ್‌ಸೀಡ್' ಅಂತ. ಬೆಂಗಳೂರಿನ ತೋಟಗಳಲ್ಲಿ, ಲಾಲ್‌ಬಾಗಿನ ಹೂವಿನ ಪಾತಿಗಳಲ್ಲಿ ಇದನ್ನು ನೀವೂ ನೋಡಿರುತ್ತೀರಿ. ಹಳದಿ ಎಸಳು, ಕೆಲವು ಜಾತಿಗಳಲ್ಲಿ ಎಸಳಿನ ಬುಡಕ್ಕೆ ಕೆಂಗಂದು ಬಣ್ಣ. ಫಲಕ ನೋಡಿ ನಾನು ಅಲ್ಲೇ ನಿಂತುಬಿಟ್ಟೆ. ಸೀಡ್ ಅಂದ್ರೆ ಬೀಜ, ಸರಿ. ಆದರೆ ಟಿಕ್? ಟಿಕ್ ಅಂದ್ರೆ ಉಣುಗು!

ಬೇರೆ ಊರಿನವರಿಗೆ ಉಣುಗು ಅಂದ್ರೆ ದನದ ಮೈಮೇಲೆ ಇರೋ ಒಂದು ಹುಳ, ಅಷ್ಟೆ. ನಮಗೆ ಹಾಗಲ್ಲ. ನಮ್ಮ ಮನೆ ಇರೋದು ಶಿಕಾರಿಪುರದಲ್ಲಿ, ಅಜ್ಜನ ಮನೆ ಸೊರಬ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ. ಕ್ಯಾಸನೂರು ಇರೋದೂ ಆ ತಾಲ್ಲೂಕಿನಲ್ಲೇ. ಮಂಗನ ಕಾಯಿಲೆಗೆ ಪ್ರಪಂಚದ ಪುಸ್ತಕಗಳಲ್ಲೆಲ್ಲ ಇರುವ ಹೆಸರು 'ಕ್ಯಾಸನೂರು ಕಾಡಿನ ಕಾಯಿಲೆ'. ಅದನ್ನು ಹರಡೋದು ಉಣುಗು. ಅಂಥಾ ಹುಳದ ಹೆಸರನ್ನು ಇಷ್ಟು ಚೆಂದದ ಹೂವಿಗೆ ಇಟ್ಟವರು ಯಾರಪ್ಪಾ ಅಂತ ಅವತ್ತು ಸಂಜೆ ಹುಡುಕಲು ಕೂತವನು, ಎದ್ದಾಗ ರಾತ್ರಿ ಒಂದೂವರೆ.

ತಿಗಣೆಯ ಹೂವು

ಕೊರಿಯಾಪ್ಸಿಸ್ ಅನ್ನೋ ಹೆಸರಿನ ಅರ್ಥ ಇನ್ನೂ ತಮಾಷೆಯದು. ಗ್ರೀಕಿನಲ್ಲಿ 'ಕೋರಿಸ್' ಅಂದ್ರೆ ತಿಗಣೆ, 'ಆಪ್ಸಿಸ್' ಅಂದ್ರೆ ನೋಟ. ನೋಡಲು ತಿಗಣೆ ಥರ ಇರೋದು ಅಂತ. ಹೂವಲ್ಲ, ಅದರ ಬೀಜ. ಚಪ್ಪಟೆಯಾಗಿ, ಕಂದುಬಣ್ಣಕ್ಕೆ, ತಲೆಯ ಕಡೆ ಎರಡು ಪುಟ್ಟ ಕೊಂಬಿನೊಂದಿಗೆ ಥೇಟ್ ಹುಳದ ಹಾಗೆ ಕಾಣುತ್ತದೆ. ಈ ಹೆಸರನ್ನು ಬಳಕೆಗೆ ತಂದವನು ಸ್ವೀಡನ್ನಿನ ಲಿನ್ನೇಯಸ್. ಅವನಿಗೆ ಕಂಡದ್ದು ತಿಗಣೆ, ಇಂಗ್ಲಿಷಿನವರಿಗೆ ಕಂಡದ್ದು ಉಣುಗು. ಅಂತೂ ಹುಳ ಹುಳವೇ. ದಿನವಿಡೀ 'ಬಗ್' ಹುಡುಕುವುದೇ ಕಸುಬಾಗಿರುವ ನನ್ನಂಥವನಿಗೆ ಊಟದ ನಂತರವೂ ಬಗ್ಗೇ ಸಿಕ್ಕಿದ್ದು ಹಣೆಬರಹ ಅನ್ನಬೇಕು :-)

ಇವತ್ತಿಗೂ ಗಿಡಗಳ ಹೆಸರಿನ ಲೆಕ್ಕ ಶುರುವಾಗೋದು 1753ರಲ್ಲಿ ಬಂದ ಲಿನ್ನೇಯಸ್‌ನ 'ಸ್ಪೀಶೀಸ್ ಪ್ಲಾಂಟಾರಮ್' ಪುಸ್ತಕದಿಂದ. ಅದರಲ್ಲಿ ಕೊರಿಯಾಪ್ಸಿಸ್ ಇದೆ, ಅದರ ಹತ್ತಿರದ ನೆಂಟ 'ಬೈಡೆನ್ಸ್' ಕೂಡ ಇದೆ. ಬೈಡೆನ್ಸ್ ಅಂದ್ರೆ 'ಎರಡು ಹಲ್ಲಿನದು'. ಅದೂ ಬೀಜದ ತುದಿಯ ಮುಳ್ಳುಗಳಿಂದ ಬಂದ ಹೆಸರೇ. ಇಂಗ್ಲಿಷಿನಲ್ಲಿ ಎರಡನ್ನೂ ಟಿಕ್‌ಸೀಡ್ ಅನ್ನುವುದುಂಟು.

ಇವೆರಡನ್ನು ಬೇರೆ ಮಾಡೋದು ಹೇಗೆ? ಲಿನ್ನೇಯಸ್ ನೋಡಿದ್ದು ಹೂವಿನ ಸುತ್ತಲಿನ ಎಸಳು. ಎಸಳು ಇದ್ದರೆ ಕೊರಿಯಾಪ್ಸಿಸ್, ಇಲ್ಲದಿದ್ದರೆ ಬೈಡೆನ್ಸ್ ಅನ್ನೋದು ಸ್ಥೂಲವಾಗಿ ಅವನ ಲೆಕ್ಕ. ಕೇಳಲು ಚೆನ್ನಾಗಿದೆ. ಆದರೆ ಯೂರೋಪಿನ ಕೆರೆದಂಡೆಗಳಲ್ಲಿ ಬೆಳೆಯುವ ಒಂದು ಗಿಡ ಕೆಲವು ಸಲ ಎಸಳು ಬಿಡುತ್ತದೆ, ಕೆಲವು ಸಲ ಬಿಡುವುದಿಲ್ಲ. ಪಾಪ ಲಿನ್ನೇಯಸ್, ಒಂದೇ ಪುಸ್ತಕದಲ್ಲಿ ಎಸಳಿಲ್ಲದ ಗಿಡಕ್ಕೆ 'ಬೈಡೆನ್ಸ್ ಸೆರ್ನುವಾ' ಅಂತಲೂ, ಎಸಳಿರುವುದಕ್ಕೆ 'ಕೊರಿಯಾಪ್ಸಿಸ್ ಬೈಡೆನ್ಸ್' ಅಂತಲೂ ಹೆಸರಿಟ್ಟ. ಎರಡೂ ಒಂದೇ ಗಿಡ! ಎರಡನೆಯ ಹೆಸರನ್ನಂತೂ ನೋಡಿ, ಎರಡು ಕುಲಗಳ ಹೆಸರೂ ಅದರಲ್ಲೇ ಇದೆ. ಡೇಟಾಬೇಸಿನಲ್ಲಿ ಒಬ್ಬನೇ ಗ್ರಾಹಕನಿಗೆ ಎರಡು ಖಾತೆ ತೆರೆದ ಹಾಗಾಯ್ತು.

ಆಮೇಲೆ ಬಂದವರು ಎಸಳು ಬಿಟ್ಟು ಬೀಜ ಹಿಡಿದರು. ಬೈಡೆನ್ಸ್ ಬೀಜದ ತುದಿಯ ಮುಳ್ಳಿನ ಮೇಲೆ ಇನ್ನೂ ಸಣ್ಣ ಮುಳ್ಳುಗಳಿರುತ್ತವೆ, ಗಾಳದ ಕೊಕ್ಕೆಯ ಹಾಗೆ ಹಿಂದಕ್ಕೆ ಬಾಗಿದವು. ಬಟ್ಟೆಗೆ ಹೊಕ್ಕರೆ ವಾಪಸ್ ಬರುವುದಿಲ್ಲ. ಕೊರಿಯಾಪ್ಸಿಸ್‌ಗೆ ಸಾಮಾನ್ಯವಾಗಿ ಅಂಥ ಕೊಕ್ಕೆ ಇಲ್ಲ, ಬದಲಿಗೆ ಬೀಜದ ಅಂಚಿನಲ್ಲಿ ತೆಳು ರೆಕ್ಕೆ ಇರುತ್ತದೆ. ಒಂದಕ್ಕೆ ದನಕರು, ಮನುಷ್ಯರೇ ವಾಹನ. ಇನ್ನೊಂದು ಗಾಳಿ, ನೀರು ಅಂತ ಹೇಗೋ ಹೋಗುತ್ತದೆ.

ನಮ್ಮ ಬೇಲಿಯ ಗಿಡ

ಇಷ್ಟು ಓದಿದ ಮೇಲೆ ನೆನಪಾಯ್ತು. ಅಜ್ಜನ ಮನೆ ಬೇಲಿಯ ಹತ್ತಿರ ಇಂಥದ್ದೇ ಹಳದಿ ಹೂವು ಇತ್ತಲ್ಲ! ಪ್ಯಾಂಟಿಗೆ ಕಪ್ಪು ಸೂಜಿಗಳ ಹಾಗೆ ಚುಚ್ಚಿಕೊಳ್ಳುವ ಬೀಜ. ನಮ್ಮನೆಯಲ್ಲಿ ಅದಕ್ಕೆ ಅಂಟುಕಾಯಿ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಅಜ್ಜಿ ಬಟ್ಟೆಗೆ ಅಂಟುವ ಎಲ್ಲದಕ್ಕೂ ಅಂಟುಕಾಯಿ ಅಂತಲೇ ಅನ್ನೋದು.

ದೀಪಾವಳಿಗೆ ಊರಿಗೆ ಹೋದಾಗ ಫೋಟೋ ತೆಗೆದೆ. ಫೋನಿನ ಆ್ಯಪ್ ಕ್ಷಣದಲ್ಲಿ 'ಕೊರಿಯಾಪ್ಸಿಸ್' ಅಂತು. ನನಗೋ ಖುಷಿ. ಸೊರಬದ ಕಾಡಿನಲ್ಲಿ ಅಮೆರಿಕದ ಹೂವು! ಅಂತ ಗೆಳೆಯರ ಗುಂಪಿನಲ್ಲಿ ಹಾಕಿಯೂ ಬಿಟ್ಟೆ. ಸಸ್ಯಶಾಸ್ತ್ರ ಓದಿದ ಗೆಳೆಯನೊಬ್ಬ ಒಂದೇ ಸಾಲಿನ ಉತ್ತರ ಕಳಿಸಿದ: 'ಬೀಜದ ಫೋಟೋ ಎಲ್ಲಿ?' ಬೀಜ ಆಗ ಇನ್ನೂ ಬಲಿತಿರಲೇ ಇಲ್ಲ. ಲಿನ್ನೇಯಸ್ ಮಾಡಿದ ತಪ್ಪನ್ನೇ ನಾನೂ ಮಾಡಿದ್ದೆ, ಎಸಳು ನೋಡಿ ಹೆಸರಿಟ್ಟಿದ್ದೆ. ಅವನಿಗೆ ಕನಿಷ್ಠ ಆ್ಯಪ್ ಇರಲಿಲ್ಲ ಅನ್ನೋ ನೆಪವಾದರೂ ಇದೆ.

ಜನವರಿಯಲ್ಲಿ ಮತ್ತೆ ಹೋದೆ. ಹೂವಿನ ಜಾಗದಲ್ಲಿ ಒಣಗಿದ ಬೀಜಗಳ ಗೊಂಚಲು, ಚೆಂಡಿಗೆ ಸೂಜಿ ಚುಚ್ಚಿದಂತೆ ಎಲ್ಲ ದಿಕ್ಕಿಗೂ ಚಾಚಿಕೊಂಡಿತ್ತು. ಒಂದು ಬೀಜ ಕಿತ್ತು ಭೂತಗನ್ನಡಿ ಹಿಡಿದು ನೋಡಿದೆ. ಉದ್ದಕ್ಕೆ, ಸಣ್ಣಗೆ, ನಾಲ್ಕು ಮೂಲೆ, ತುದಿಯಲ್ಲಿ ನಾಲ್ಕು ಮುಳ್ಳು, ಮುಳ್ಳಿನ ಮೇಲೆ ಹಿಂದಕ್ಕೆ ಬಾಗಿದ ಕೊಕ್ಕೆ. ಅಲ್ಲಿಗೆ ಕೊರಿಯಾಪ್ಸಿಸ್ ಅಲ್ಲ, ಬೈಡೆನ್ಸ್.

ಯಾವ ಬೈಡೆನ್ಸ್? ನಮ್ಮ ಕಡೆ ಗೊಂದಲ ಮಾಡುವುದು ಮುಖ್ಯವಾಗಿ ಎರಡು. ಒಂದು ಬೈಡೆನ್ಸ್ ಪಿಲೋಸಾ. ಇದು ಅಮೆರಿಕ ಖಂಡದ್ದು, ಈಗ ಬಿಸಿಲಿನ ನಾಡುಗಳಲ್ಲೆಲ್ಲ ಹರಡಿಕೊಂಡಿದೆ. ಎಸಳಿದ್ದರೆ ಸಾಮಾನ್ಯವಾಗಿ ಬಿಳಿ. ಬೀಜಕ್ಕೆ ಎರಡು ಅಥವಾ ಮೂರು ಮುಳ್ಳು. ಹೂವಿನ ಬುಡದಲ್ಲಿ ಹೊರಸುತ್ತಿನ ಹಸಿರು ಪಟ್ಟಿಗಳು ತುದಿಯ ಕಡೆ ಅಗಲವಾಗಿ ಚಮಚದ ಹಾಗಿರುತ್ತವೆ. ಇನ್ನೊಂದು ಬೈಡೆನ್ಸ್ ಬೈಟರ್ನೇಟಾ. ಇದು ಏಷ್ಯಾ, ಆಫ್ರಿಕಾಗಳ ಹಳೆಯ ನಿವಾಸಿ, ಅಂದರೆ ನಮ್ಮದೇ. ಎಸಳು ಹಳದಿ, ಅದೂ ಕೆಲವೇ. ಮುಳ್ಳು ಮೂರೋ ನಾಲ್ಕೋ. ಹೊರಸುತ್ತಿನ ಪಟ್ಟಿಗಳು ದಾರದ ಹಾಗೆ ಸಪೂರ. ಎಲೆಯೂ ಹೆಚ್ಚು ಸೀಳಿರುತ್ತದೆ. ಅಜ್ಜನ ಮನೆಯ ಬೇಲಿಯದು ಎಲ್ಲ ಲಕ್ಷಣಗಳಲ್ಲೂ ಬೈಟರ್ನೇಟಾ. ವಾಪಸ್ ಬರುವಾಗ ಶಿಕಾರಿಪುರದ ರಸ್ತೆ ಬದಿಯಲ್ಲಿ ಬಿಳಿ ಎಸಳಿನ ಪಿಲೋಸಾ ಕೂಡ ಸಿಕ್ಕಿತು.

ರಸ್ತೆ ಬದಿಯಲ್ಲಿ ಉದ್ದಕ್ಕೂ ಕಿತ್ತಳೆ-ಹಳದಿ ಬಣ್ಣದಲ್ಲಿ ಅರಳಿರುತ್ತದಲ್ಲ, ಅದು ಮೂರನೆಯದು, ಮೆಕ್ಸಿಕೋ ಕಡೆಯ ಕಾಸ್ಮಾಸ್ ಸಲ್ಫ್ಯೂರಿಯಸ್. ತೋಟದಿಂದ ತಪ್ಪಿಸಿಕೊಂಡು ಬಂದಿರುವ ಗಿಡ. ಅದನ್ನೂ ಒಮ್ಮೆ ಬೈಡೆನ್ಸ್ ಕುಲಕ್ಕೆ ಸೇರಿಸಿ 'ಬೈಡೆನ್ಸ್ ಸಲ್ಫ್ಯೂರಿಯಾ' ಅಂತ ಕರೆದದ್ದುಂಟು. ಒಟ್ಟಿನಲ್ಲಿ ಹಳದಿ ಹೂವನ್ನು ನಂಬಬಾರದು.

139 ವರ್ಷದ ತಿದ್ದುಪಡಿ

ಬೈಟರ್ನೇಟಾ ಹೆಸರಿನ ಹಿಂದೆ ಒಂದು ಉದ್ದನೆಯ ಕಥೆ ಇದೆ. ಇದಕ್ಕೆ ಮೊದಲು ಹೆಸರಿಟ್ಟವನು ಜೊವಾವ್ ಡಿ ಲೊರೇರೊ ಅನ್ನುವ ಪೋರ್ಚುಗೀಸ್ ಪಾದ್ರಿ. ಈಗಿನ ವಿಯೆಟ್ನಾಮಿನಲ್ಲಿ ದಶಕಗಳ ಕಾಲ ಇದ್ದು, ಅಲ್ಲಿನ ಗಿಡಗಳ ಬಗ್ಗೆ 1790ರಲ್ಲಿ ಲಿಸ್ಬನ್ನಿನಲ್ಲಿ ಪುಸ್ತಕ ಪ್ರಕಟಿಸಿದ. ಅದರಲ್ಲಿ ಈ ಗಿಡದ ಹೆಸರು 'ಕೊರಿಯಾಪ್ಸಿಸ್ ಬೈಟರ್ನೇಟಾ'. ಅಂದರೆ ನನ್ನ ಫೋನು ಹೇಳಿದ್ದನ್ನೇ ಅವನೂ ಹೇಳಿದ್ದ! ಸ್ವಲ್ಪ ಸಮಾಧಾನ ಆಯ್ತು ನಂಗೆ.

ಆಮೇಲೆ ಬ್ರಿಟಿಷರ ಕಾಲದಲ್ಲಿ ಜೋಸೆಫ್ ಹೂಕರ್ ಇಡೀ ಭಾರತದ ಗಿಡಗಳ ಮಹಾಗ್ರಂಥ ತಂದಾಗ, ಅದರ ಮೂರನೆಯ ಸಂಪುಟದಲ್ಲಿ ನಮ್ಮ ಈ ಗಿಡಗಳನ್ನೆಲ್ಲ ಬೈಡೆನ್ಸ್ ಪಿಲೋಸಾ ಅನ್ನುವ ಒಂದೇ ಜಾತಿಯೊಳಗೆ ತುಂಬಿದ. ನಮ್ಮದೂ ಹೊರಗಿನದೂ ಒಂದೇ ಹೆಸರಿನಲ್ಲಿ ಸೇರಿಹೋಯಿತು. ಹೀಗೆ ಒಟ್ಟಾದದ್ದನ್ನು ಮತ್ತೆ ಬಿಡಿಸಿದ್ದು 1929ರಲ್ಲಿ. ಮೆರಿಲ್ ಮತ್ತು ಶೆರ್ಫ್ ಅನ್ನುವ ಅಮೆರಿಕದ ಇಬ್ಬರು ಸಸ್ಯವಿಜ್ಞಾನಿಗಳು ಲೊರೇರೊನ ಹಳೆಯ ಹೆಸರನ್ನು ಎತ್ತಿಕೊಂಡು 'ಬೈಡೆನ್ಸ್ ಬೈಟರ್ನೇಟಾ' ಮಾಡಿದರು. 1790ರಿಂದ 1929, ಅಂದರೆ 139 ವರ್ಷ! ಒಂದು ಬಗ್ ಇಷ್ಟು ಕಾಲ ತೆರೆದೇ ಇದ್ದರೆ ನಮ್ಮ ಮ್ಯಾನೇಜರ್ ಏನು ಹೇಳಬಹುದು ಅಂತ ಯೋಚಿಸಿದೆ.

ಶಿಕಾಗೋದ ಎರ್ಲ್ ಎಡ್ವರ್ಡ್ ಶೆರ್ಫ್ ಬದುಕಿನ ಬಹುಭಾಗವನ್ನು ಈ ಅಂಟುವ ಬೀಜಗಳ ಬಳಗಕ್ಕೇ ಕೊಟ್ಟವನು. 1937ರಲ್ಲಿ ಬಂದ ಅವನ ಬೈಡೆನ್ಸ್ ಗ್ರಂಥದಲ್ಲಿ ಇನ್ನೂರಕ್ಕೂ ಹೆಚ್ಚು ಜಾತಿಗಳಿವೆ. ಒಬ್ಬ ಮನುಷ್ಯ, ಪ್ಯಾಂಟಿಗೆ ಅಂಟಿದರೆ ನಾವು ಬೈದುಕೊಂಡು ಕಿತ್ತೆಸೆಯುವ ಬೀಜವನ್ನು ದಶಕಗಳ ಕಾಲ ಮಸೂರದಡಿ ಇಟ್ಟು ನೋಡಿದ ಅನ್ನೋದು ಯಾಕೋ ಮನಸ್ಸಿಗೆ ತಟ್ಟಿತು.

ಕಥೆ ಅಲ್ಲಿಗೂ ಮುಗಿದಿಲ್ಲ. ಇಪ್ಪತ್ತನೆಯ ಶತಮಾನದ ಕೊನೆಯಿಂದ ಡಿಎನ್‌ಎ ಹೋಲಿಸಿ ನೋಡಿದವರು, ಬೈಡೆನ್ಸ್, ಕೊರಿಯಾಪ್ಸಿಸ್ ಎರಡೂ ಒಂದೊಂದೇ ಬೇರಿನಿಂದ ಬಂದ ಅಚ್ಚುಕಟ್ಟಾದ ವಂಶಗಳಲ್ಲ, ಒಂದರ ಕೊಂಬೆಗಳು ಇನ್ನೊಂದರ ನಡುವೆ ಹೊಕ್ಕಿವೆ ಅಂತ ತೋರಿಸಿದ್ದಾರೆ. ಬೀಜದ ಕೊಕ್ಕೆಯೂ ಪೂರ್ತಿ ನಂಬಿಕಸ್ತ ಸಾಕ್ಷಿ ಅಲ್ಲ ಅಂತಾಯ್ತು. ಎಸಳು ಹೋಗಿ ಬೀಜ ಬಂತು, ಬೀಜದ ಮೇಲೆ ಡಿಎನ್‌ಎ ಬಂತು.

ನಮ್ಮವರ ವರ್ಗೀಕರಣ

ಇಷ್ಟೆಲ್ಲ ಓದುವಾಗ ಒಂದು ಪ್ರಶ್ನೆ ಕಾಡುತ್ತಿತ್ತು. ನಮ್ಮವರು ಗಿಡಗಳಿಗೆ ಹೆಸರಿಡುತ್ತಿರಲಿಲ್ಲವೇ?

ಇಡುತ್ತಿದ್ದರು. ಎರಡೇ ಪದದಲ್ಲಿ, ಲಿನ್ನೇಯಸ್‌ನ ಹಾಗೇ. ಬೆಟ್ಟದ ನೆಲ್ಲಿ, ಕಾಡುಮಲ್ಲಿಗೆ, ನಾಯಿತುಳಸಿ, ಸೀಮೆಹುಣಸೆ. ಕೊನೆಯ ಪದ ಬಳಗ ಹೇಳುತ್ತದೆ, ಮೊದಲಿನದು ಗುರುತು. ಹೊರಗಿನಿಂದ ಬಂದದ್ದಕ್ಕೆ 'ಸೀಮೆ', ತಾನಾಗಿ ಬೆಳೆದದ್ದಕ್ಕೆ 'ಕಾಡು'. ಈ ಹಳದಿ ಹೂವುಗಳ ನೆಂಟನೊಬ್ಬ ನಮ್ಮ ಹೊಲದಲ್ಲೂ ಇದ್ದಾನೆ, ಹುಚ್ಚೆಳ್ಳು. ಬಯಲುಸೀಮೆಯ ಕಡೆಯವರಿಗೆ ಗುರೆಳ್ಳು. ಎಳ್ಳಿನ ಹಾಗೆ ಎಣ್ಣೆ ಕೊಡುತ್ತದೆ, ಆದರೆ ಎಳ್ಳಲ್ಲ, ಆದ್ದರಿಂದ ಹುಚ್ಚು ಎಳ್ಳು! ಬಳಕೆಯಿಂದ ಹತ್ತಿರ ತಂದು, ವಿಶೇಷಣದಿಂದ ದೂರ ಇಟ್ಟ ಹೆಸರು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ರೈತರ ಬಾಯಲ್ಲಿ ಕೇಳಿದ ಈ ಕನ್ನಡ ಹೆಸರನ್ನು ಹಾಗೇ ಬರೆದುಕೊಂಡಿದ್ದಾನೆ. 1801ರ ಮಾರ್ಚಿಯಲ್ಲಿ ಅವನು ಬನವಾಸಿಯಿಂದ ನಮ್ಮ ಸೊರಬದ ಚಂದ್ರಗುತ್ತಿ ಹಾದು ಕೆಳದಿ, ಇಕ್ಕೇರಿ ಕಡೆ ಹೋದ.

ವಿಜ್ಞಾನಿಗಳು ಹುಚ್ಚೆಳ್ಳಿಗೆ ಇಟ್ಟ ಹೆಸರು ಗೈಜೋಟಿಯಾ ಅಬಿಸಿನಿಕಾ. ಫ್ರಾನ್ಸಿನ ಕಸ್ಸೀನಿ 1829ರಲ್ಲಿ ಇದನ್ನು ಈ ಕುಲಕ್ಕೆ ಸೇರಿಸಿದ. ಕುಲದ ಹೆಸರು ಗೀಜೋ ಅನ್ನುವ ಫ್ರೆಂಚ್ ಇತಿಹಾಸಕಾರನ ನೆನಪಿಗೆ. ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಕೆಲವು ಪುಸ್ತಕಗಳು ಹುಚ್ಚೆಳ್ಳನ್ನು ಕೊರಿಯಾಪ್ಸಿಸ್‌ನ ಉಪಬಳಗದಲ್ಲೇ ಇಡುತ್ತಿದ್ದವು. ಈಗ ಬೇರೆ ಕಡೆ ಸರಿಸಿದ್ದಾರೆ. ಪ್ಯಾರಿಸ್ಸಿನ ಇತಿಹಾಸಕಾರ ನಮ್ಮ ಚಟ್ನಿಪುಡಿಯಲ್ಲಿ ಇದ್ದಾನೆ ಅನ್ನೋದು ನನಗಂತೂ ಗೊತ್ತಿರಲಿಲ್ಲ.

ಗಿಡದ ಹೆಸರು ಮನುಷ್ಯರಿಗೆ ಬಂದದ್ದೂ ಇದೇ ಊರುಗಳಲ್ಲೇ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಸ್ಥಾನದ ಎದುರಿಗೆ, ಐದನೆಯ ಶತಮಾನದ ಕಂಬದ ಶಾಸನ ಇದೆ. ಕಬ್ಬಿಗ ಕುಬ್ಜ ಬರೆದದ್ದು. ಆ ಮನೆತನದವರ ಮನೆಯ ಹತ್ತಿರ ಒಂದು ಕದಂಬ ಮರ ಇತ್ತು, ಅದನ್ನು ಆರೈಕೆ ಮಾಡುತ್ತಿದ್ದುದರಿಂದ ಅವರಿಗೆ ಕದಂಬರು ಅನ್ನುವ ಹೆಸರು ಬಂತು ಅಂತ ಅದರಲ್ಲಿದೆ. ಕನ್ನಡ ನಾಡಿನ ಮೊದಲ ರಾಜಮನೆತನದ ಹೆಸರು ಒಂದು ಮರದ ಗುರುತು! ಆ ಮರದ ವೈಜ್ಞಾನಿಕ ಹೆಸರೂ ಕಡಿಮೆ ಅಲೆದಾಡಿಲ್ಲ. ರಾಕ್ಸ್‌ಬರ್ಗ್ ಇಟ್ಟದ್ದು ನಾಕ್ಲಿಯಾ ಕದಂಬ. ಆಮೇಲೆ ಆಂಥೋಸೆಫಾಲಸ್ ಆಯ್ತು. ಆ ಕುಲದ ಹೆಸರು ನಿಜವಾಗಿ ಮಡಗಾಸ್ಕರದ ಬೇರೊಂದು ಮರದ್ದು ಅಂತ ಹೇಳಿ 1984ರಲ್ಲಿ ಬೋಸೆ ಎಂಬಾತ ನಿಯೋಲಾಮಾರ್ಕಿಯಾ ಮಾಡಿದ. ಇಷ್ಟೆಲ್ಲದರ ನಡುವೆ 'ಕದಂಬ' ಅನ್ನೋ ಪದ ಮಾತ್ರ ಅಲ್ಲಾಡಿಲ್ಲ. ಸಾವಿರದೈನೂರು ವರ್ಷ ಕಲ್ಲಿನ ಮೇಲೆ ಇದ್ದದ್ದು, ಈಗ ಲ್ಯಾಟಿನ್ ಹೆಸರಿನ ಬಾಲದಲ್ಲೂ ಇದೆ.

ಬಿಳಿ ಬಟ್ಟೆ ಎಳೆದವರು

ಈಗ ಉಣುಗಿನ ವಿಷಯಕ್ಕೆ ಬರುತ್ತೇನೆ. ಈ ಲೇಖನ ಬರೆಯಬೇಕು ಅನ್ನಿಸಿದ್ದೇ ಅದಕ್ಕೆ.

1957ರ ಮಾರ್ಚ್ ಹೊತ್ತಿಗೆ ಸೊರಬದ ಕ್ಯಾಸನೂರು ಕಾಡಿನ ಸುತ್ತ ಮುಸುವ, ಮಂಗಗಳು ಸತ್ತು ಬೀಳತೊಡಗಿದವು. ಜೊತೆಗೆ ಜನಕ್ಕೂ ಜ್ವರ. ಭಾರತದಲ್ಲಿ ಎಂದೂ ಕಾಣದ ಹಳದಿ ಜ್ವರ ಬಂತೇನೋ ಅಂತ ಮೊದಲು ಭಯ ಬಿದ್ದರು, ಯಾಕೆಂದರೆ ಅದೂ ಮಂಗಗಳನ್ನು ಕೊಲ್ಲುತ್ತದೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಸತ್ತ ಮಂಗಗಳಿಂದ ವೈರಾಣು ಬೇರ್ಪಡಿಸಿದರು. ಅದು ಹಳದಿ ಜ್ವರದ್ದಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳುಜ್ವರದ ವೈರಾಣುವಿನ ಹತ್ತಿರದ ನೆಂಟ. ಆಗ ಎದ್ದ ಪ್ರಶ್ನೆ, ಕಾಡಿನ ತುಂಬ ಇರುವ ಉಣುಗುಗಳಲ್ಲಿ ಯಾವುದು?

ಅಜ್ಜನಿಗೆ ಆಗ ಹನ್ನೆರಡು ವರ್ಷ. ಕಾಡಿನಲ್ಲಿ ಬಿಳಿ ಬಟ್ಟೆ ನೆಲದ ಮೇಲೆ ಎಳೆದುಕೊಂಡು ಹೋಗುತ್ತಿದ್ದವರನ್ನು ನೋಡಿದ್ದು ಅವನಿಗೆ ಚೆನ್ನಾಗಿ ನೆನಪಿದೆ. 'ಬಟ್ಟೆ ಒಗೆಯೋಕೆ ಬಂದವ್ರೋ, ಕೊಳೆ ಮಾಡೋಕೆ ಬಂದವ್ರೋ ಅಂತ ನಗಾಡ್ತಿದ್ವಿ' ಅಂತಾನೆ. ಅದು ಉಣುಗು ಹಿಡಿಯುವ ವಿಧಾನ. ಎಲೆ, ಹುಲ್ಲಿನ ತುದಿಯಲ್ಲಿ ಕಾದು ಕೂತ ಉಣುಗು ಹಾದುಹೋಗುವ ಬಟ್ಟೆಗೆ ಹತ್ತಿಕೊಳ್ಳುತ್ತದೆ. ಆಮೇಲೆ ಒಂದೊಂದನ್ನೇ ಆರಿಸಿ, ಸೂಕ್ಷ್ಮದರ್ಶಕದಡಿ ಇಟ್ಟು, ಬಾಯಿ, ಕಾಲು, ಮುಳ್ಳು ಎಣಿಸಿ ಜಾತಿ ಹೇಳಬೇಕು. ಬೈಡೆನ್ಸ್ ಬೀಜ ನೋಡಿದ ಹಾಗೇ.

ಹಾಗೆ ನೋಡುತ್ತಾ ಹೋದಾಗ ಮುಖ್ಯ ಅಪರಾಧಿಯಾಗಿ ಸಿಕ್ಕಿದ್ದು ಹೀಮಾಫೈಸಾಲಿಸ್ ಸ್ಪಿನಿಜೆರಾ, 1897ರಲ್ಲೇ ನ್ಯೂಮನ್ ಹೆಸರಿಟ್ಟಿದ್ದ ಉಣುಗು. ಸ್ಪಿನಿಜೆರಾ ಅಂದ್ರೆ ಮುಳ್ಳು ಹೊತ್ತದ್ದು. ಇದರ ದೊಡ್ಡವು ಹೆಚ್ಚಾಗಿ ದನಗಳ ಮೈಮೇಲೆ ಇರುತ್ತವೆ. ಮನುಷ್ಯನಿಗೆ ಕಚ್ಚಿ ಕಾಯಿಲೆ ತರುವುದು ಮುಖ್ಯವಾಗಿ ಎಂಟು ಕಾಲಿನ ಮರಿ ಹಂತ, ಅದು ಜೋರಾಗಿರುವುದು ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ. ಜನ ಸೊಪ್ಪು, ದರಗು, ಸೌದೆ ಅಂತ ಕಾಡಿಗೆ ಹೋಗುವುದೂ ಆಗಲೇ.

ಈ ಹುಡುಕಾಟದಲ್ಲಿ ಅಲ್ಲಿಯವರೆಗೆ ಹೆಸರೇ ಇಲ್ಲದ ಉಣುಗೂ ಸಿಕ್ಕಿತು. 1964ರಲ್ಲಿ ಟ್ರಾಪಿಡೊ, ಹೂಗ್‌ಸ್ಟ್ರಾಲ್ ಮತ್ತು ರಾಜಗೋಪಾಲನ್ ಸೇರಿ ಅದಕ್ಕೆ 'ಹೀಮಾಫೈಸಾಲಿಸ್ ಕ್ಯಾಸನೂರೆನ್ಸಿಸ್' ಅಂತ ನಮ್ಮೂರ ಕಡೆಯ ಹೆಸರಿಟ್ಟರು. ಕದಂಬ ಮರ ರಾಜರಿಗೆ ಹೆಸರು ಕೊಟ್ಟಿತು, ನಮ್ಮ ಹಳ್ಳಿ ಉಣುಗಿಗೆ ಹೆಸರು ಕೊಟ್ಟಿತು. ಏನು ಮಾಡೋದು!

ಅಜ್ಜ ಅಷ್ಟಕ್ಕೇ ನಗುವುದು ನಿಲ್ಲಿಸುತ್ತಾನೆ. ಅವನ ಅಣ್ಣ ದರಗು ತರಲು ಹೋಗಿ ಬಂದವನು ಜ್ವರ ಹಿಡಿದು ಮಲಗಿದ. ಆಮೇಲೆ ಏಳಲಿಲ್ಲ. ಮದುವೆ ಗೊತ್ತಾಗಿತ್ತಂತೆ. ಅವನ ಒಂದೂ ಫೋಟೋ ಇಲ್ಲ. ಈ ಕಾಯಿಲೆ ಬಂದವರಲ್ಲಿ ನೂರಕ್ಕೆ 3ರಿಂದ 5 ಜನ ಸಾಯುತ್ತಾರೆ ಅಂತ ಪುಸ್ತಕಗಳಲ್ಲಿ ಇರುತ್ತದಲ್ಲ, ನಮ್ಮ ಮನೆಯ ಮಟ್ಟಿಗೆ ಆ ಅಂಕಿ ಒಬ್ಬ ಅಣ್ಣ. ಮೊದಮೊದಲು ಸಾಗರ, ಸೊರಬ, ಶಿಕಾರಿಪುರದ ಸುತ್ತ ಮಾತ್ರ ಇದ್ದ ಕಾಯಿಲೆ ಆಮೇಲೆ ದಕ್ಷಿಣ ಕನ್ನಡಕ್ಕೆ, ಈಚೆಗೆ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಹೋಗಿದೆ.

ಜಗಲಿಯ ಮೇಲಿನ ಪ್ರಯೋಗಶಾಲೆ

ಜನವರಿಯಲ್ಲಿ ಬೀಜ ನೋಡಲು ಬೇಲಿಗೆ ಹೋಗಿ ಬಂದೆ ಅಂದೆನಲ್ಲ. ವಾಪಸ್ ಬಂದವನನ್ನು ಅಜ್ಜಿ ಒಳಗೆ ಬಿಡಲಿಲ್ಲ. ಜಗಲಿಯಲ್ಲೇ ನಿಲ್ಲಿಸಿ, ಪ್ಯಾಂಟ್ ಬಿಚ್ಚಿಸಿ, ಪಂಚೆ ಕೊಟ್ಟಳು. ಆಮೇಲೆ ಪ್ಯಾಂಟನ್ನು ಬಿಸಿಲಿಗೆ ಹಿಡಿದು, ಉಗುರಿನಿಂದ ಒಂದೊಂದನ್ನೇ ಕೀಳತೊಡಗಿದಳು. ಬೀಜ ಆದರೆ ಅಂಗಳಕ್ಕೆ. ಉಣುಗು ಆದರೆ ಪಕ್ಕದಲ್ಲಿಟ್ಟಿದ್ದ ಕೆಂಡಕ್ಕೆ. ಕಣ್ಣು ಮಂದ ಆಗಿದೆ, ಈಗ ಹೆಚ್ಚಾಗಿ ಬೆರಳಿನಿಂದಲೇ ನೋಡುತ್ತಾಳೆ.

'ಹೆಂಗೆ ಗೊತ್ತಾಗ್ತದೆ ಅಜ್ಜಿ?' ಅಂದೆ.

'ಅಂಟುಕಾಯಿ ಎಳೆದ್ರೆ ಬಟ್ಟೆ ಬರ್ತದೆ. ಉಣುಗು ಎಳೆದ್ರೆ ಕಾಲು ಆಡಿಸ್ತದೆ' ಅಂದಳು.

ಮೂರು ದಿನದಿಂದ ನಾನು ಓದಿದ್ದನ್ನೆಲ್ಲ ಅವಳು ಎರಡು ಮಾತಿನಲ್ಲಿ ಮುಗಿಸಿದ್ದಳು. ಉಣುಗು ಚರ್ಮಕ್ಕೆ ಚುಚ್ಚುವ ಬಾಯಿಯ ಭಾಗದಲ್ಲೂ ಹಿಂದಕ್ಕೆ ಬಾಗಿದ ಸಣ್ಣ ಹಲ್ಲುಗಳಿರುತ್ತವೆ. ಕಚ್ಚಿದ ಮೇಲೆ ಸುಲಭಕ್ಕೆ ಬಿಡದಿರುವುದಕ್ಕೆ ಅದೂ ಕಾರಣ. ಬೈಡೆನ್ಸ್ ಬೀಜದ ಮುಳ್ಳಿನ ಮೇಲೂ ಅದೇ ಏರ್ಪಾಡು. ಒಂದು ಗಿಡ, ಒಂದು ಹುಳ. ಸಂಬಂಧವೇ ಇಲ್ಲದ ಎರಡು ಜೀವಗಳು ಹಾದುಹೋಗುವವರ ಮೈಗೆ ಹತ್ತಿಕೊಳ್ಳಲು ಒಂದೇ ಉಪಾಯ ಕಂಡುಕೊಂಡಿವೆ. ಟಿಕ್‌ಸೀಡ್ ಅಂತ ಹೆಸರಿಟ್ಟವರು ಬೀಜದ ರೂಪ ನೋಡಿ ಇಟ್ಟಿರಬಹುದು, ಆದರೆ ನಮ್ಮ ಬೇಲಿಯ ಗಿಡಕ್ಕೆ ಆ ಹೆಸರು ಒಳಗಿನಿಂದಲೂ ಒಪ್ಪುತ್ತದೆ.

ಅಜ್ಜಿ ಎಲ್ಲ ಬೀಜಗಳನ್ನೂ ಅಂಟುಕಾಯಿ ಅಂತ ಒಂದೇ ಹೆಸರಿನಲ್ಲಿ ಕರೆಯುವುದು ಅಜ್ಞಾನ ಅಂತ ಮೊದಲು ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಅವಳಿಗೆ ಬೇಕಾದ ವರ್ಗೀಕರಣ ಒಂದೇ, ಮಗನನ್ನು, ಮೊಮ್ಮಗನನ್ನು ಕೊಲ್ಲುವಂಥದ್ದು ಮತ್ತು ಕೊಲ್ಲದೇ ಇರುವಂಥದ್ದು. ಆ ಗೆರೆಯನ್ನು ಅವಳು ಒಮ್ಮೆಯೂ ತಪ್ಪಾಗಿ ಎಳೆದಿಲ್ಲ. ಭಾವನ ಸಾವಿನ ಕಥೆ ಕೇಳಿಕೊಂಡೇ ಈ ಮನೆಗೆ ಸೊಸೆಯಾಗಿ ಬಂದವಳು ಅವಳು.

ಬರೆಯದ ಪುಟ

ಬೆಂಗಳೂರಿಗೆ ಬಂದ ಮೇಲೆ ನಮ್ಮ ಬೈಟರ್ನೇಟಾ ಕರ್ನಾಟಕದ ಪುಸ್ತಕಗಳಲ್ಲಿ ಎಲ್ಲಿದೆ ಅಂತ ಹುಡುಕಿದೆ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನಾ 1976ರಲ್ಲಿ ನಿಕೋಲ್ಸನ್ ಜೊತೆ ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥ ತಂದರು. ಆಮೇಲೆ ಇಡೀ ಕರ್ನಾಟಕದ ಗಿಡಗಳನ್ನು ದಾಖಲಿಸಲು ಕೈಹಾಕಿದರು. ಮೊದಲ ಸಂಪುಟ 1984ರಲ್ಲಿ ಬಂತು, ಎರಡನೆಯದು 1996ರಲ್ಲಿ. ಎರಡನೆಯದು ಕೊತ್ತಂಬರಿ ಕುಟುಂಬಕ್ಕೆ ಮುಗಿಯುತ್ತದೆ. ಸೇವಂತಿಗೆ ಕುಟುಂಬ, ಅಂದರೆ ಬೈಡೆನ್ಸ್, ಹುಚ್ಚೆಳ್ಳು, ಸೂರ್ಯಕಾಂತಿ ಎಲ್ಲ ಇರುವುದು, ಮುಂದಿನ ಸಂಪುಟಗಳಲ್ಲಿ ಬರಬೇಕಿತ್ತು. 2002ರಲ್ಲಿ ಸಲ್ಡಾನಾ ತೀರಿಕೊಂಡರು. ಆ ಕುಟುಂಬದ ಸರದಿ ಬರಲೇ ಇಲ್ಲ.

ನಮ್ಮ ಜಿಲ್ಲೆಗೆಂದೇ ಬಂದದ್ದು 'ಶಿವಮೊಗ್ಗ ಜಿಲ್ಲೆಯ ಸಸ್ಯಸಂಪತ್ತು' ಅನ್ನಬಹುದಾದ ಇಂಗ್ಲಿಷ್ ಗ್ರಂಥ. ರಾಮಸ್ವಾಮಿ, ರಾಧಾಕೃಷ್ಣ ರಾವ್ ಮತ್ತು ಗೋವಿಂದಪ್ಪ ಬರೆದದ್ದು, ಮೈಸೂರು ವಿಶ್ವವಿದ್ಯಾಲಯದ ಪ್ರಸಾರಾಂಗ 2001ರಲ್ಲಿ ಪ್ರಕಟಿಸಿತು. ಬುಕಾನನ್ ಚಂದ್ರಗುತ್ತಿ ಹಾದುಹೋಗಿ ಸರಿಯಾಗಿ ಇನ್ನೂರು ವರ್ಷ. ಅಂಥ ಪುಸ್ತಕ ಬರೆದವರ ಹೆಸರು ನಮ್ಮೂರಲ್ಲಿ ಎಷ್ಟು ಜನಕ್ಕೆ ಗೊತ್ತು? ನನಗೇ ಗೊತ್ತಿರಲಿಲ್ಲ.

ಫೋನಿನ ಆ್ಯಪ್ ತಪ್ಪು ಹೇಳಿತು ಅಂತ ನಾನು ನಕ್ಕೆ. ಆದರೆ ಅದು ಕಲಿಯುವುದು ನಾವು ಕೊಟ್ಟ ಫೋಟೋಗಳಿಂದಲೇ. ಬೆಂಗಳೂರಿನ ಪಾತಿಯ ಕೊರಿಯಾಪ್ಸಿಸ್ಸಿಗೆ ಸಾವಿರ ಫೋಟೋ ಇದ್ದು, ಸೊರಬದ ಬೇಲಿಯ ಬೈಟರ್ನೇಟಾಕ್ಕೆ ನಾಲ್ಕೇ ಇದ್ದರೆ ಅದಾದರೂ ಏನು ಹೇಳೀತು? ಹಾಗಾಗಿ ಈ ಸಲ ನನ್ನ ಗಿಡವನ್ನು ಹೂವು, ಎಲೆ, ಹೊರಪಟ್ಟಿ, ಬೀಜ ಎಲ್ಲದರ ಫೋಟೋ ಜೊತೆ ಮತ್ತೆ ಹಾಕಿದ್ದೇನೆ. ಗೆಳೆಯರ ಗುಂಪಿನಲ್ಲಿ 'ಅಮೆರಿಕದ ಹೂವಲ್ಲ, ನಮ್ಮದೇ, ಕ್ಷಮಿಸಿ' ಅಂತ ತಿದ್ದುಪಡಿಯನ್ನೂ ಹಾಕಿದೆ. 139 ವರ್ಷ ತಗೊಳ್ಳಲಿಲ್ಲ, ಎರಡೂವರೆ ತಿಂಗಳಲ್ಲಿ ಮುಗಿಸಿದೆ!

ನಿಮ್ಮ ಊರಿನ ಕಡೆ ಬಟ್ಟೆಗೆ ಅಂಟುವ ಈ ಬೀಜಕ್ಕೆ ಏನಂತಾರೆ? ಅಂಟುಕಾಯಿ ಅಲ್ಲದೆ ಬೇರೆ ಹೆಸರಿದ್ದರೆ ದಯವಿಟ್ಟು ಬರೆದು ತಿಳಿಸಿ. ನಿಮ್ಮ ಅಜ್ಜಿಯನ್ನು ಒಮ್ಮೆ ಕೇಳಿ. ಬೇಗ ಕೇಳಿ.

ಹಾಂ, ಮರೆತಿದ್ದೆ. ಬೇಸಿಗೆಯಲ್ಲಿ ಆ ಕಡೆ ಕಾಡಿಗೆ ಚಾರಣ ಅಂತ ಹೋಗುವವರು ಉದ್ದ ತೋಳಿನ ಅಂಗಿ, ಪ್ಯಾಂಟು ಹಾಕಿಕೊಂಡು ಹೋಗಿ. ಬಂದ ಮೇಲೆ ಒಳಗೆ ಕಾಲಿಡುವ ಮೊದಲು ಜಗಲಿಯಲ್ಲಿ ನಿಂತು ಬಟ್ಟೆ ನೋಡಿಕೊಳ್ಳಿ. ಎಳೆದಾಗ ಬಟ್ಟೆ ಬಂದರೆ ಪರವಾಗಿಲ್ಲ. ಕಾಲು ಆಡಿಸಿದರೆ ಮಾತ್ರ ಹುಷಾರು.